ಕೇಳಿ ಬಡಿಸುವ ಮನೆ

ಗಂಗಲಕ್ಷ್ಮಮ್ಮನ ಮನೆಗೆ ಯಾವ ಹೊತ್ತಿನಲ್ಲಿ ಯಾರು ಬಂದರೂ ಕೂತ ಹತ್ತು ನಿಮಿಷಕ್ಕೆ ತಟ್ಟೆ ಮುಂದೆ ಬರುತ್ತದೆ ಎಂದು ವಿಜಯನಗರದ ಆರ್‌ಪಿಸಿ ಲೇಔಟ್‌ನ ಆ ರಸ್ತೆಯಲ್ಲೆಲ್ಲ ಪ್ರತೀತಿ. ಪ್ರತೀತಿಯನ್ನು ಹುಟ್ಟಿಸಿದವಳು ಅವಳೇ ಆದ್ದರಿಂದ, ಅದಕ್ಕೆ ಊನ ಬಾರದಂತೆ ನೋಡಿಕೊಳ್ಳುವ ಕೆಲಸವೂ ಅವಳ ತಲೆಗೇ ಬಂದಿತ್ತು. ಫ್ರಿಜ್ಜಿನಲ್ಲಿ ಸದಾ ದೋಸೆ ಹಿಟ್ಟು, ತುರಿದಿಟ್ಟ ಕಾಯಿ. ಡಬ್ಬಿಯಲ್ಲಿ ಹುರಿದಿಟ್ಟ ರವೆ. ಬಚ್ಚಲಲ್ಲಿ ಕಾಗದ ಬಿಚ್ಚದ ಸೋಪು. ಕಪಾಟಿನ ಮೇಲೆ ಚಕ್ಕುಲಿಯ ಡಬ್ಬಿ. ಅದರಲ್ಲಿ ಇಡಿಯವು ಬಂದವರಿಗೆ, ಮುರಿದವು ಮನೆಯವರಿಗೆ. ಗಂಡ ವೆಂಕಟರಮಣಪ್ಪನವರು ಕಾರ್ಖಾನೆಯ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ, ಹೆಂಡತಿ ಕಾಣದಂತೆ ಆ ಡಬ್ಬಿಯನ್ನು ಆಗಾಗ ಕುಲುಕಿ ಇಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

ತೊಂದರೆಯೆಂದರೆ, ಹೇಳದೆ ಬರುವವರೇ ಇಲ್ಲವಾಗಿದ್ದರು. ಮಲ್ಲತ್ತಹಳ್ಳಿಯ ನಾದಿನಿ ಕೂಡ ಮನೆ ಬಿಡುವಾಗ ಒಂದು ಸಲ, ಗೇಟಿನ ಮುಂದೆ ನಿಂತು ಒಂದು ಸಲ ಫೋನ್ ಮಾಡುತ್ತಿದ್ದಳು. "ಅತ್ತಿಗೆ, ಏನೂ ಮಾಡ್ಬೇಡಿ, ಹಂಗೆ ಬಂದು ಹಿಂಗೆ ಹೋಗ್ತೀನಿ." ಹಾಗೆಯೇ ಮಾಡುತ್ತಿದ್ದಳು ಕೂಡ. ಹಿಟ್ಟು ಹುಳಿಯಾಗುತ್ತಿತ್ತು, ಗಂಡಹೆಂಡಿರು ಅದನ್ನು ತಿಂದು ಮುಗಿಸುತ್ತಿದ್ದರು, ಹೊಸ ಹಿಟ್ಟು ಒಳಗೆ ಹೋಗುತ್ತಿತ್ತು.

"ಯುದ್ಧಾನೇ ಇಲ್ದೆ ಸೈನ್ಯ ಸಾಕ್ದಂಗಾಯ್ತಲ್ಲೇ," ಎಂದು ವೆಂಕಟರಮಣಪ್ಪನವರು ಒಮ್ಮೆ ಅಂದರು. ಅದರ ಮಾರನೆಯ ದಿನವೂ ಅದೇ ಹಿಟ್ಟಿನ ದೋಸೆ ತಿಂದರು.

ಹೀಗಿರುವಾಗ ಒಂದು ಬುಧವಾರ ಬೆಳಗ್ಗೆ ಗೇಟಿನ ಚಿಲಕದ ಸದ್ದಾಯಿತು. ಬಿಳಿ ಟೋಪಿ, ಧೋತರ ಉಟ್ಟ ಹಿರಿಯರೊಬ್ಬರು, ತಲೆ ತುಂಬ ಸೆರಗು ಹೊದ್ದ ಅವರ ಹೆಂಡತಿ, ನಡುವೆ ಒಂದು ದೊಡ್ಡ ಕೈಚೀಲ. ಮೇಲಿನ ಬಾಡಿಗೆ ಮನೆಯ ಚನ್ನವೀರೇಶನ ದೊಡ್ಡಪ್ಪ ಕರಿಬಸಪ್ಪನವರು, ದೊಡ್ಡಮ್ಮ ಗಿರಿಜಾದೇವಿ. ರಾಣೆಬೆನ್ನೂರಿನ ಹತ್ತಿರದ ಹಳ್ಳಿಯಿಂದ ರಾತ್ರಿ ಬಸ್ಸು ಹತ್ತಿದವರು. ನಾಳೆ ಕೆಂಗೇರಿಯಲ್ಲಿ ಮದುವೆ. ಮೇಲೆ ನೋಡಿದರೆ ಬೀಗ. ಚನ್ನವೀರೇಶ ಹೆಂಡತಿ ಸೌಂದರ್ಯಾಳನ್ನು ಕರೆದುಕೊಂಡು ತುಮಕೂರಿಗೆ ಹೋಗಿದ್ದ, ಬರುವುದು ಮಧ್ಯಾಹ್ನ ಕಳೆದ ಮೇಲೆ.

"ಒಂದ್ ಫೋನ್ ಮಾಡ್ಬಾರ್ದಾಗಿತ್ತಾ ಯಜಮಾನ್ರೇ?" ಎಂದರು ವೆಂಕಟರಮಣಪ್ಪನವರು.

"ತಮ್ಮನ ಮಗನ ಮನಿಗೆ ಫೋನ್ ಮಾಡಿ ಯಾರ್ ಬರ್ತಾರ್ರಿ?" ಎಂದರು ಕರಿಬಸಪ್ಪನವರು, ನಿಜಕ್ಕೂ ಆಶ್ಚರ್ಯದಿಂದ.

ಆ ಒಂದು ಮಾತಿಗೆ ಗಂಗಲಕ್ಷ್ಮಮ್ಮನ ಎದೆ ತುಂಬಿಬಂತು. ಇಂಥವರು ಇನ್ನೂ ಇದ್ದಾರೆ. ಒಳಗೆ ಕರೆದು, ಸೋಫಾದ ಮೇಲೆ ಕೂರಿಸಿ, ನೀರು ಕೊಟ್ಟಳು. ಆಮೇಲೆ ಕೇಳಿದಳು.

"ತಿಂಡಿ ಆಯ್ತಾ ನಿಮ್ದು?"

"ಆಗೇತ್ರಿ," ಎಂದರು ಗಿರಿಜಾದೇವಿ.

"ಕಾಫಿ ಕುಡೀತೀರಾ? ಇಲ್ಲ ಟೀ ಮಾಡ್ಲಾ?"

"ಏನೂ ಬ್ಯಾಡ್ರಿ ಅಕ್ಕಾರ."

"ಎರಡೇ ಎರಡು ದೋಸೆ ಹುಯ್ಲಾ?"

"ತ್ರಾಸ ತಗೋಬ್ಯಾಡ್ರಿ. ಹೊಟ್ಟಿ ತುಂಬೇತಿ."

ಕರಿಬಸಪ್ಪನವರ ಕಣ್ಣು ಅಡುಗೆಮನೆಯ ಬಾಗಿಲಿನವರೆಗೆ ಹೋಗಿ ವಾಪಸು ಬಂದು ಗೋಡೆಯ ಕ್ಯಾಲೆಂಡರಿನ ಮೇಲೆ ನಿಂತಿತು. ಗಂಗಲಕ್ಷ್ಮಮ್ಮನ ಧರ್ಮದಲ್ಲಿ ಮೂರು ಸಲ ಕೇಳುವುದು ಮರ್ಯಾದೆ, ನಾಲ್ಕನೆಯದು ಬಲವಂತ. ಅವಳು ಒಳಗೆ ಬಂದಳು.

"ನಾವು ಭಾನುವಾರ ಕೋಳಿ ಬೇಯ್ಸೋರು ಅಂತ ಗೊತ್ತಿರತ್ತೆ ಬಿಡೇ," ಎಂದರು ಹಿಂದೆಯೇ ಬಂದ ಗಂಡ, ದನಿ ತಗ್ಗಿಸಿ. "ಲಿಂಗವಂತ್ರು. ನಮ್ಮನೇಲಿ ಹೆಂಗೆ ತಿಂತಾರೆ?"

"ಸೌಂದರ್ಯಾ ತಿನ್ನಲ್ವಾ? ಬಟ್ಲು ಹಿಡ್ಕೊಂಡು ಚಟ್ನಿಗೆ ಬರ್ತಾಳೆ."

"ಅವ್ಳು ವಿಜಯನಗರದೋಳಾಗಿ ಯಾವ ಕಾಲ ಆಯ್ತು. ಇವ್ರು ಹಳಬ್ರು."

ಅದು ನಾಟಿತು. ಯಾರೂ ಬಾರದೇ ಇದ್ದರೆ ಕಾಲವನ್ನು ಬೈದುಕೊಂಡು ಸುಮ್ಮನಿರಬಹುದು. ಬಂದವರು ತಿನ್ನದೇ ಹೋದರೆ ಯಾರನ್ನು ಬೈಯುವುದು? ಇಷ್ಟು ವರ್ಷ ಕಾದು, ಕೊನೆಗೆ ಹೇಳದೆ ಕೇಳದೆ ಬಂದ ಎರಡು ಜೀವ ಅವಳ ಸೋಫಾದ ಮೇಲೆ ಮಧ್ಯಾಹ್ನದವರೆಗೆ ಬರಿಹೊಟ್ಟೆಯಲ್ಲಿ ಕೂತು ಎದ್ದು ಹೋದರೆ, ಈ ಹಿಟ್ಟು, ಈ ರವೆ, ಈ ಮನೆ ಎಲ್ಲ ಯಾತಕ್ಕೆ?

ಕೈಕಾಲು ಮುಖ ತೊಳೆಯಲಿ ಎಂದು ಒಗೆದ ಟವಲು ತೆಗೆದುಕೊಂಡು ಹೊರಟವಳು ಪರದೆಯ ಹಿಂದೆಯೇ ನಿಂತಳು. ಗಿರಿಜಾದೇವಿ ಫೋನಿನಲ್ಲಿದ್ದರು. ತುಮಕೂರು ದೂರವೆಂಬ ಕಾರಣಕ್ಕೆ ಕೂಗಿ ಮಾತಾಡುತ್ತಿದ್ದರು.

"ಇಲ್ಲೇ ಕೆಳಗಿನ ಮನ್ಯಾಗ ಕುಂತೇವಿ ಸೌಂದರ್ಯಾ. ಭಾಳ ಛಲೋ ಮಂದಿ. ಆದ್ರ ಪಾಪ, ಮನ್ಯಾಗ ಏನೂ ಇದ್ದಂಗಿಲ್ಲವಾ. ಚಾ ಕುಡೀತೀರೇನು, ದೋಸಿ ತಿಂತೀರೇನು ಅಂತ ಕೇಳಾಕತ್ತಾರ. ಇದ್ದಿದ್ರ ತಂದು ಮುಂದ ಇಡ್ತಿದ್ರಿಲ್ಲ, ಯಾಕ ಕೇಳ್ತಿದ್ರು? ನಾವು ಹೂಂ ಅಂದು ಅವ್ರನ್ನ ಪೇಚಿಗೆ ಸಿಗಸೂದು ಬ್ಯಾಡಂತ ಉಂಡೇವಿ ಅಂದೆ. ವಯಸ್ಸಾದವ್ರು, ಪಿಂಚಣಿ ಸಾಲೂದಿಲ್ಲೋ ಏನೋ. ನೀ ಬರೂಮುಂದ ಅವ್ರಿಗೂ ಒಂದೀಟು ಬಾಳಿಹಣ್ಣು ತಗೊಂಬಾ."

ಗಂಗಲಕ್ಷ್ಮಮ್ಮ ಟವಲು ಹಿಡಿದುಕೊಂಡೇ ಅಡುಗೆಮನೆಗೆ ಹಿಂತಿರುಗಿದಳು.

"ಏನಂತೆ?" ಎಂದರು ಗಂಡ.

"ನಮಗೆ ಬಾಳೆಹಣ್ಣು ತರಿಸ್ತಾ ಇದಾರೆ."

ವೆಂಕಟರಮಣಪ್ಪನವರಿಗೆ ಅರ್ಥವಾಗಲಿಲ್ಲ. ಅವಳು ವಿವರಿಸಲೂ ಇಲ್ಲ. ಎರಡೂ ಒಲೆ ಹಚ್ಚಿದಳು. ಒಂದರ ಮೇಲೆ ಕಾವಲಿ, ಇನ್ನೊಂದರ ಮೇಲೆ ಉಪ್ಪಿಟ್ಟಿಗೆ ಒಗ್ಗರಣೆ. ಸಾಸಿವೆ ಸಿಡಿದಷ್ಟೇ ಜೋರಾಗಿ ಅವಳ ಯೋಚನೆಯೂ ಸಿಡಿಯುತ್ತಿತ್ತು. ಕೇಳದೆ ಸುರಿಯುವವರು ಒರಟರು, ಕೇಳಿ ಬಡಿಸುವವರು ನಯಸ್ಥರು ಎಂದು ಅವಳ ತಾಯಿ ಕಲಿಸಿದ್ದು. ಆ ನಯವೇ ಮಗಳನ್ನು ಬಡವಿ ಮಾಡಿ ಕೂರಿಸೀತೆಂದು ಪಾಪ ಆ ತಾಯಿಗೇನು ಗೊತ್ತಿತ್ತು.

"ಅವ್ರು ಬೇಡ ಅಂದ್ರಲ್ಲೇ," ಎಂದರು ಗಂಡ.

"ಈಗ ಕೇಳೋರು ಯಾರು?"

ತಟ್ಟೆಗಳು ಹೋಗಿ ಅತಿಥಿಗಳ ಮುಂದೆ ಕೂತವು. "ಅಯ್ಯ, ಇಷ್ಟ್ಯಾಕ ತ್ರಾಸ ತಗೊಂಡ್ರಿ," ಎಂದು ಗಿರಿಜಾದೇವಿ ಶುರು ಮಾಡಿದರು. ಆ ವಾಕ್ಯ ಮುಗಿಯುವ ಮೊದಲೇ ಅವರ ಕೈ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಿತ್ತು. ಕರಿಬಸಪ್ಪನವರು ಆ ಮಾತಿನ ಗೋಜಿಗೂ ಹೋಗಲಿಲ್ಲ. ಕೋಳಿಯ ವಿಚಾರ ಅಲ್ಲಿಗೆ ಮುಗಿಯಿತು.

ದೋಸೆ ಹಿಡಿದು ಬಂದ ಗಂಗಲಕ್ಷ್ಮಮ್ಮನಿಗೆ 'ಇನ್ನೊಂದು ಹಾಕ್ಲಾ' ಎಂಬುದು ಗಂಟಲವರೆಗೆ ಬಂತು. ನುಂಗಿಕೊಂಡಳು. ಕರಿಬಸಪ್ಪನವರು "ಸಾಕ್ರಿ, ಸಾಕು" ಎನ್ನುತ್ತ ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದರು. ಆ ಎರಡು ಕೈಗಳ ನಡುವೆ ಸರಿಯಾಗಿ ಒಂದು ದೋಸೆ ಹಿಡಿಸುವಷ್ಟು ಜಾಗವಿತ್ತು. ಅಲ್ಲಿಗೇ ಬಿಟ್ಟಳು. ಮುಂದಿನದಕ್ಕೂ ಜಾಗವಿತ್ತು. ಅದರಾಚೆಯದಕ್ಕೆ ಬಂದಾಗ ಕೈಗಳು ಒಂದಕ್ಕೊಂದು ಕೂಡಿ ಬಿಗಿಯಾಗಿದ್ದವು. ಓಹೋ, ಇವರಲ್ಲೂ ಬೇಡವೆನ್ನುವುದಕ್ಕೆ ಒಂದು ರೀತಿಯಿದೆ ಎಂದುಕೊಂಡು ಅವಳು ದೋಸೆಯನ್ನು ವಾಪಸು ಒಯ್ದಳು.

ಉಂಡು ಮುಗಿದ ಮೇಲೆ ತಡೆಯಲಾಗಲಿಲ್ಲ. "ತಪ್ಪು ತಿಳ್ಕೋಬೇಡಿ," ಎಂದಳು. "ಬಾಳೆಹಣ್ಣು ಬೇಡ ಅಂತ ಸೌಂದರ್ಯಂಗೆ ಒಂದು ಮಾತು ಹೇಳ್ಬಿಡಿ."

ಗಿರಿಜಾದೇವಿ ನಾಲಿಗೆ ಕಚ್ಚಿಕೊಂಡರು. ಸೆರಗನ್ನು ಇನ್ನಷ್ಟು ಮುಂದಕ್ಕೆಳೆದರು. "ಕೇಳಿಸ್ತೇನ್ರಿ?"

"ತುಮಕೂರಿಗೇ ಕೇಳಿಸ್ತು, ನಂಗೆ ಕೇಳ್ಸಲ್ವಾ? ನಮ್ ಕಡೆ ಕೇಳೋದೇ ಮರ್ಯಾದೆ ಕಣಮ್ಮ. ಮನೇಲಿ ಏನೂ ಇಲ್ದೆ ಕೇಳಿದ್ದಲ್ಲ."

"ನಮ್ ಕಡೆ ಕೇಳಿದ್ರ ಬ್ಯಾಡ ಅನ್ನೂದು ಮರ್ಯಾದಿ ನೋಡ್ರಿ," ಎಂದರು ಗಿರಿಜಾದೇವಿ, ಮೆಲ್ಲಗೆ. "ನಿನ್ನೆ ರಾತ್ರಿ ಉಂಡದ್ದು, ಖರೇ ಹೇಳ್ಬೇಕಂದ್ರ."

ಕರಿಬಸಪ್ಪನವರು ಹೆಗಲ ಮೇಲಿನ ಟವಲಿನಿಂದ ಮೀಸೆ ಒರೆಸಿಕೊಂಡರು. "ಇಬ್ರು ಮರ್ಯಾದಸ್ತರು ಎದುರಾಬದುರಾ ಕುಂತ್ರ ಮೂರನೇದವ್ರಿಗೆ ಉಪಾಸ," ಎಂದರು. "ಆ ಮೂರನೇದವ ನಾನು."

ವೆಂಕಟರಮಣಪ್ಪನವರು ನಕ್ಕ ರಭಸಕ್ಕೆ ಕನ್ನಡಕ ಜಾರಿತು. ಮನೆಯೊಳಗೆ ತನ್ನಂಥದೇ ಇನ್ನೊಂದು ಜೀವ ಬಂದಂತೆ ಅವರಿಗೆ ಅನ್ನಿಸಿರಬೇಕು. ಕುರ್ಚಿಯನ್ನು ಕರಿಬಸಪ್ಪನವರ ಪಕ್ಕಕ್ಕೆ ಎಳೆದುಕೊಂಡರು.

ಅಷ್ಟರಲ್ಲಿ ಗಿರಿಜಾದೇವಿ ತಟ್ಟೆಗಳನ್ನು ಎತ್ತಿಕೊಂಡು ನೇರ ಅಡುಗೆಮನೆಗೆ ನಡೆದರು. ಗಂಗಲಕ್ಷ್ಮಮ್ಮ ಬೇರೆಯವರನ್ನು ಒಲೆಯ ಹತ್ತಿರ ಬಿಟ್ಟವಳಲ್ಲ. ಹಿಂದೆಯೇ ಓಡಿದಳು. "ನೀವು ಕೂತ್ಕೊಳಿ, ಬಂದೋರು ನೀವು. ಏನು ಬೇಕು ಹೇಳಿ."

"ನಾ ನಿಮ್ಮನ್ನ ಕೇಳಿದ್ನೇನು?" ಎಂದರು ಗಿರಿಜಾದೇವಿ. ಪಾತ್ರೆಯಲ್ಲಿ ಆಗಲೇ ನೀರಿತ್ತು. ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿ ಚಹಾಪುಡಿ ಹುಡುಕಿದರು, ಶುಂಠಿ ಜಜ್ಜಿದರು, ಸಕ್ಕರೆಯನ್ನು ಹಿಡಿಹಿಡಿಯಾಗಿ ಹಾಕಿದರು. ಮನೆಯೊಡತಿ ಏನು ಮಾಡಲೂ ತೋಚದೆ ಹೊರಗೆ ಬಂದು, ತಾನು ಎಂದೂ ಕೂರದ ಸೋಫಾದ ತುದಿಯಲ್ಲಿ ಕೂತಳು.

ಲೋಟ ಕೈಗೆ ಬಂತು. ಗಂಗಲಕ್ಷ್ಮಮ್ಮ ಹುಟ್ಟಿದಾಗಿನಿಂದ ಕಾಫಿಯವಳು. ಟೀ ವಾಸನೆಗೇ ಮುಖ ತಿರುಗಿಸುವವಳು. ಗಂಡ ಹುಬ್ಬೇರಿಸಿ ನೋಡುತ್ತಿದ್ದರು. 'ನಂಗೆ ಅಭ್ಯಾಸ ಇಲ್ಲ' ಎಂದು ಹೇಳಬಹುದಿತ್ತು. ಆದರೆ ಕುಡಿಯುತ್ತೀರಾ ಎಂದು ಯಾರಾದರೂ ಕೇಳಿದ್ದರೆ ತಾನೆ ಹೇಳುವುದು. ಒಂದು ಗುಟುಕು ಕುಡಿದಳು. ಪಾಕದಂತಿತ್ತು. ಇನ್ನೊಂದು ಗುಟುಕು ಕುಡಿದಳು. ಮುಗಿಸಿ ಲೋಟ ಕೆಳಗಿಡುವಷ್ಟರಲ್ಲಿ ಗಿರಿಜಾದೇವಿ ಪಾತ್ರೆ ಬಗ್ಗಿಸಿ ಇನ್ನರ್ಧ ಲೋಟ ಸುರಿದೇಬಿಟ್ಟಿದ್ದರು.

ಗಂಗಲಕ್ಷ್ಮಮ್ಮ ಅದನ್ನೂ ಕುಡಿದಳು.