ನಾನು ಕತ್ತರಿಸಿದ ದಾರ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ಆರಕ್ಕೆ ಗಂಡನ ಫೋನಿನ ಅಲಾರಾಂ ಹೊಡೆಯಿತು. ನಿಲ್ಲಿಸಿ ಎದ್ದೆ. ಹಾಲು ಕಾಯಿಸಿದೆ. ಹಲ್ಲುಜ್ಜಿ ಬಂದ ಅತ್ತೆ, "ಇವತ್ತು ಯಾವ ವಾರನೇ?" ಎಂದರು. ನನಗೂ ಗೊತ್ತಿರಲಿಲ್ಲ. ಫೋನ್ ನೋಡಿ ಹೇಳಿದೆ. ಬುಧವಾರ.

ಬುಧವಾರ ಎಂದರೆ ದರ್ಜಿ ತಾತ ಬರುವ ದಿನ.

ನನ್ನ ಗಂಡ ಹಳೆಯ ಗಿಟಾರುಗಳನ್ನು ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಎಂಟು ತಿಂಗಳಿನಿಂದ ಆ ಕೋಣೆಯ ಮೇಜಿನ ಮೇಲೆ ದರ್ಜಿ ತಾತನ ಎಲೆಕ್ಟ್ರಿಕ್ ಗಿಟಾರ್ ಮಲಗಿತ್ತು. ಅಂಥದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕೊರಳಿಗೆ ಹಾಕಿಕೊಂಡು ನುಡಿಸುವ ಹಾರ್ಮೋನಿಯಂನಂಥ ಅಕಾರ್ಡಿಯನ್ ಮಾಡುವ ಯಾವುದೋ ಕಾರ್ಖಾನೆ, ಅದಕ್ಕೆ ಗಿರಾಕಿ ಕಡಿಮೆಯಾದಾಗ, ಉಳಿದ ಸಾಮಾನನ್ನೇ ಬಳಸಿ ಮಾಡಿದ್ದಂತೆ. ಮೈಗೆ ಬಣ್ಣ ಬಳಿದಿರಲಿಲ್ಲ. ಅಕಾರ್ಡಿಯನ್ನಿಗೆ ಹಾಕುವ ಮಿನುಗುವ ಹಸಿರು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿದ್ದರು. ಸ್ವಿಚ್ಚಿನ ಬದಲು ಹಳೆಯ ರೇಡಿಯೋದಲ್ಲಿ ಇರುತ್ತಿದ್ದಂಥ ಒತ್ತುಗುಂಡಿಗಳು. ತಂತಿಗಳ ಕೆಳಗೆ ಸಾಲಾಗಿ ನಾಲ್ಕು ಪಿಕಪ್. ಪಿಕಪ್ ಎಂದರೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಅಯಸ್ಕಾಂತ. ಗಿಟಾರಿನ ತಂತಿ ಅಲುಗಿದ್ದನ್ನು ಕೇಳಿಸಿಕೊಳ್ಳುವ ಕಿವಿ ಅದೇ. ನಾಲ್ಕು ಕಿವಿಗಳಲ್ಲಿ ಎರಡನೆಯದು ಕಿವುಡಾಗಿತ್ತು.

ಹೊಸದೊಂದನ್ನು ಹಾಕಿದ್ದರೆ ಒಂದು ವಾರದ ಕೆಲಸ. ಅವನು ಹಾಕುವವನಲ್ಲ. "ಇರೋದನ್ನೇ ಮಾತಾಡಿಸ್ಬೇಕು" ಎನ್ನುತ್ತಿದ್ದ. ಗಿಟಾರಿನ ಬೆನ್ನ ಮೇಲೆ ತಾತನ ಬೆಲ್ಟಿನ ಬಕಲು ನಲವತ್ತು ವರ್ಷ ಉಜ್ಜಿ ಮಾಡಿದ ಗೀರುಗಳಿದ್ದವು. ಅವನ್ನು ಹಾಗೇ ಬಿಟ್ಟಿದ್ದ. ತುದಿಯಲ್ಲಿ ಎಂದೋ ಅಂಟಿಸಿ ಕಿತ್ತ ಚೀಟಿಯ ಕಲೆಯಿತ್ತು, ಅದನ್ನೂ ಬಿಟ್ಟಿದ್ದ. ಒಮ್ಮೆ ನಾನು ಒದ್ದೆ ಬಟ್ಟೆ ಹಿಡಿದು ಹತ್ತಿರ ಹೋದಾಗ, ಮಗುವಿಗೆ ಹೊಡೆಯಲು ಹೋದೆನೇನೋ ಎಂಬಂತೆ ಅಡ್ಡ ಬಂದಿದ್ದ.

ಕೊನೆಯ ತಿಂಗಳು ನನಗೆ ತಾಳ್ಮೆ ಮುಗಿದಿತ್ತು. ಮೇಜು ಖಾಲಿಯಾಗದೆ ಬೇರೆ ಕೆಲಸ ಒಳಗೆ ಬರುತ್ತಿರಲಿಲ್ಲ, ಅವನೂ ಹೊರಗೆ ಬರುತ್ತಿರಲಿಲ್ಲ. "ಯಾವುದೋ ಒಂದು ಹಾಕಿ ಮುಗಿಸ್ಬಾರ್ದಾ? ಒಳಗಡೆ ಏನಿದೆ ಅಂತ ಯಾರಿಗೆ ಗೊತ್ತಾಗುತ್ತೆ?" ಎಂದು ಎಷ್ಟು ಸಲ ಅಂದೆನೋ. ಕೊನೆಯ ಬೆಳಗ್ಗೆಯೂ ಅಂದೆ. ಅವನು ಏನೋ ತರಬೇಕು ಎಂದು ಸೈಕಲ್ ತೆಗೆದ. ಏನು ಎಂದು ನಾನು ಕೇಳಲಿಲ್ಲ. ಸೇತುವೆಯ ತಿರುವಿನಲ್ಲಿ ಲಾರಿ. ಅಷ್ಟೇ.

ಹತ್ತು ಗಂಟೆಗೆ ದರ್ಜಿ ತಾತ ಬಂದು ಬಾಗಿಲ ಹೊರಗೇ ನಿಂತರು. ಒಂದು ಕಾಲದಲ್ಲಿ ಹಗಲು ಪ್ಯಾಂಟು ಹೊಲಿದು ಸಂಜೆ ಹೋಟೆಲಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದವರು. ಈಗಲೂ ಅಂಗಿಯ ಕಾಲರು ನೆಟ್ಟಗೆ ನಿಂತಿರುತ್ತದೆ.

"ಗಿಟಾರ್ ಕೇಳೋಕೆ ಬಂದಿಲ್ಲ ತಾಯಿ. ಬುಧವಾರ ಅಂದ್ರೆ ಕಾಲು ತಾನಾಗೇ ಈ ಕಡೆ ತಿರುಗಿಬಿಡ್ತು" ಎಂದರು.

"ಒಳಗೆ ಬನ್ನಿ ತಾತ."

ಒಂಬತ್ತು ದಿನಗಳ ಮೇಲೆ ಆ ಕೋಣೆಯ ಬಾಗಿಲು ತೆರೆದೆ. ಮೇಜಿನ ಮೇಲಿನ ಗಿಟಾರ್ ಕೆಲಸ ಮುಗಿದ ಹಾಗೆ ಕಂಡಿತು. ನಾಲ್ಕೂ ಪಿಕಪ್ ತಮ್ಮ ಜಾಗದಲ್ಲಿದ್ದವು, ಆರೂ ತಂತಿ ಬಿಗಿದಿದ್ದವು. ಎರಡನೆಯ ಪಿಕಪ್ಪಿನ ಅಂಚಿನಿಂದ ಮಾತ್ರ ಒಂದು ದಾರ ಇಳಿಬಿದ್ದಿತ್ತು. ಹೊಸ ಅಂಗಿಯಲ್ಲಿ ಉಳಿದ ದಾರ ತೆಗೆಯುವ ಹಾಗೆ, ಪಕ್ಕದಲ್ಲಿದ್ದ ಕತ್ತರಿಯಿಂದ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ.

"ಮುಗಿಸಿಟ್ಟಿದ್ದಾನೆ. ತಗೊಂಡು ಹೋಗಿ" ಎಂದೆ. ಅದು ಮನೆಯಿಂದ ಹೊರಗೆ ಹೋದರೆ ಸಾಕಿತ್ತು.

ತಾತ ಅದನ್ನು ಅಲ್ಲಿದ್ದ ಸಣ್ಣ ಸ್ಪೀಕರಿಗೆ ಸಿಕ್ಕಿಸಿ, ಎರಡನೆಯ ಗುಂಡಿ ಒತ್ತಿ, ಒಂದು ತಂತಿ ಮೀಟಿದರು. ಸದ್ದು ಬಂತು. ತಾತ ಬಾಯಿ ಮುಚ್ಚುವುದನ್ನೇ ಮರೆತರು.

"ಹದಿನೆಂಟು ವರ್ಷ ಆಗಿತ್ತು ಇದು ಮಾತು ಬಿಟ್ಟು. ನನ್ನ ಹೆಂಡ್ತಿ ಕೂಡ ಇಷ್ಟು ದಿನ ಮುನಿಸ್ಕೊಂಡಿರ್ಲಿಲ್ಲ" ಎಂದು ನಕ್ಕವರು, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

ಎರಡು ವಾರ ಕಳೆದ ಮೇಲೆ ಒಬ್ಬರು ಫೋನ್ ಮಾಡಿದರು. ಹಲ್ಲಿನ ಡಾಕ್ಟರಮ್ಮ. ಅವರ ತಂದೆಯ ಬಳಿಯೂ ಅಂಥದ್ದೇ ಗಿಟಾರ್ ಇತ್ತಂತೆ. ತಂದೆ ಹೋದ ಮೇಲೆ ಮನೆಯ ಗೋಡೆಯಲ್ಲಿ ನೇತುಹಾಕಿದ್ದಾರಂತೆ.

"ನಿಮ್ಮ ಯಜಮಾನ್ರು ಒಂದು ತಿಂಗಳ ಮಟ್ಟಿಗೆ ಅಂತ ಅದರಿಂದ ಒಂದು ಪಿಕಪ್ ಬಿಚ್ಚಿಕೊಂಡು ಹೋಗಿದ್ರು. ಎರಡನೇದು. ಸುತ್ತು ಅಳೆದು, ಸದ್ದು ಕೇಳಿ ವಾಪಸ್ ಕೊಡ್ತೀನಿ ಅಂದಿದ್ರು. ಅವಸರ ಏನೂ ಇಲ್ಲ ಕಣ್ರೀ. ಯಾವಾಗಾದ್ರೂ ಕೈಗೆ ಸಿಕ್ಕಿದ್ರೆ ಕೊಡಿ. ಈ ಹೊತ್ತಲ್ಲಿ ಕೇಳೋದೂ ತಪ್ಪೇ."

ಮೇಜಿನ ಸೆಳೆಖಾನೆಗಳನ್ನೆಲ್ಲ ಎಳೆದು ನೋಡಿದೆ. ಮೂರನೆಯದರಲ್ಲಿ ಒಂದು ಬಿಸ್ಕತ್ತಿನ ಡಬ್ಬ. ಒಳಗೆ ಹತ್ತಿಯ ಮೇಲೆ ಒಂದೇ ಒಂದು ಪಿಕಪ್. ಅದಕ್ಕೆ ಬಿಳಿ ದಾರ ಕಟ್ಟಿತ್ತು. ಹಳೆಯ ತಂತಿ ಬಿಚ್ಚಿ ಹೊಸದು ಸುತ್ತಿದ್ದ, ಆದರೆ ಅರ್ಧಕ್ಕೇ ನಿಂತಿತ್ತು. ಪಕ್ಕದಲ್ಲಿ ತಂತಿಯ ಖಾಲಿ ಉರುಳೆ. ಇನ್ನೊಂದು ಪಿಕಪ್ ಎಲ್ಲೂ ಇರಲಿಲ್ಲ.

ಅವನ ನೋಟುಪುಸ್ತಕದ ಕೊನೆಯ ಬರಹ ಸತ್ತ ಹಿಂದಿನ ದಿನದ್ದು: "ಡಾಕ್ಟರಮ್ಮನದ್ದು ಕೂರಿಸಿದೆ. ಈಗ ನಾಲ್ಕೂ ಹಾಡುತ್ತಿವೆ."

ಕುರ್ಚಿಯಲ್ಲಿ ಕುಳಿತೆ. ಹಾಗಾದರೆ ನನ್ನ ಮಾತು ಕೇಳಿಬಿಟ್ಟನೇ? ತಂತಿ ಮುಗಿದಾಗ ಸಾಕಾಗಿ, ಯಾವುದೋ ಒಂದು ಹಾಕಿ, ಅದೂ ನಂಬಿ ಕೊಟ್ಟವರದ್ದನ್ನು ಹಾಕಿ, ಮುಗಿಸಿಬಿಟ್ಟನೇ? ಮದುವೆಯಾದ ಏಳು ವರ್ಷದಲ್ಲಿ ಅವನು ನನ್ನ ಒಂದು ಮಾತನ್ನಾದರೂ ಕೇಳಲಿ ಎಂದು ಜಗಳವಾಡಿದ್ದೆ. ಈ ಮಾತನ್ನು ಕೇಳಿರಬಾರದು ಎಂದು ಈಗ ಯಾರ ಹತ್ತಿರ ಜಗಳವಾಡಲಿ?

ಅತ್ತೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಡಬ್ಬ ತೋರಿಸಿದೆ.

"ಅತ್ತೆ, ಇದಕ್ಕೆ ದಾರ ಯಾಕೆ ಕಟ್ಟಿದ್ದಾನೆ?"

"ಅಷ್ಟೂ ಗೊತ್ತಿಲ್ವೇನೇ? ಆ ದಾರ ನನ್ನ ಹೊಲಿಗೆ ಡಬ್ಬೀದು. ಕದ್ದೂ ಕದ್ದೂ ಖಾಲಿ ಮಾಡಿದ." ಅತ್ತೆ ಬಟ್ಟೆ ಕೆಳಗಿಟ್ಟರು. "ಬಿಳಿ ಕಟ್ಟಿದ್ರೆ ಆ ಗಿಟಾರಿನದ್ದೇ ಸಾಮಾನು, ಅದಕ್ಕೇ ವಾಪಸ್ ಹೋಗ್ಬೇಕು. ಕೆಂಪು ಕಟ್ಟಿದ್ರೆ ಬೇರೆಯವರದ್ದು, ಅಲ್ಲಿ ಉಳೀಬಾರ್ದು. ನಿಂಗೂ ಹೇಳಿದ್ನಲ್ಲ, ಊಟಕ್ಕೆ ಕೂತಾಗ?"

ಹೇಳಿದ್ದ. ನಾನು ಫೋನಿನಲ್ಲಿ ಏನೋ ಓದುತ್ತಾ "ಹೂಂ" ಅಂದಿದ್ದೆ. ಹೂಂ ಅಂದದ್ದು ಮಾತ್ರ ನೆನಪಿದೆ.

"ಬೇರೆಯವರದ್ದನ್ನ ತಾತನ ಗಿಟಾರಿಗೆ ಹಾಕಿ ಹಾಗೇ ಬಿಟ್ಟಿದ್ದಾನೆ ಅತ್ತೆ."

"ನನ್ನ ಮಗ? ಕೆಂಪು ದಾರ ಕಟ್ಟದೆ ಬೇರೆಯವರ ಸ್ಕ್ರೂ ಕೂಡ ಮುಟ್ಟೋನಲ್ಲ ಅವ್ನು. ದಾರ ಇರ್ಲಿಲ್ವಾ?"

"ಒಂದು ದಾರ ಇತ್ತು."

"ಯಾವ ಬಣ್ಣ?"

ಬಣ್ಣ ನೆನಪಾಗಲಿಲ್ಲ. ಕತ್ತರಿಯ ತಣ್ಣನೆಯ ಹಿಡಿ ನೆನಪಿತ್ತು. ತಾತನ ಕಾಲರು ನೆನಪಿತ್ತು. ದಾರ ಮಾತ್ರ ಬರಿ ದಾರ. ಕಸದ ಬುಟ್ಟಿ ಎಂದೋ ಖಾಲಿಯಾಗಿತ್ತು. ಆದರೂ ತಲೆಕೆಳಗು ಮಾಡಿ ತಟ್ಟಿ ನೋಡಿದೆ. ಅತ್ತೆ ನೋಡುತ್ತಾ ನಿಂತಿದ್ದರು.

"ಕತ್ತರಿಸಿದ್ಯಾ?" ಎಂದರು.

"ಹೂಂ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಡಬ್ಬ, ಅವನ ಸಣ್ಣ ಸ್ಕ್ರೂಡ್ರೈವರ್ ಎರಡನ್ನೂ ಚೀಲದಲ್ಲಿಟ್ಟುಕೊಂಡು ತಾತನ ಮನೆಗೆ ಹೋದೆ. ಒಂದೇ ಕೋಣೆ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದರು. ಗಿಟಾರ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿತ್ತು.

"ಬಾ ತಾಯಿ. ನೀನೇ ಬಂದೆ, ಒಳ್ಳೇದಾಯ್ತು. ಇವನಿಗೆ ಸ್ವಲ್ಪ ಕೆಮ್ಮು" ಎಂದು ತಾತ ಎರಡನೆಯ ಗುಂಡಿ ಒತ್ತಿ ಗಿಟಾರನ್ನು ಅಲುಗಿಸಿದರು. ಸ್ಪೀಕರಿನಲ್ಲಿ ಗರಗರ ಎಂದಿತು. "ಯಾರಿಗೂ ತೋರಿಸಿಲ್ಲ. ಅವನು ಮುಟ್ಟಿದ್ದನ್ನ ಇನ್ನೊಬ್ರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ."

ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅದೆಲ್ಲ ಮರೆತು ನೇರವಾಗಿ ಹೇಳಿಬಿಟ್ಟೆ.

"ತಾತ, ಇದರಲ್ಲಿರೋ ಎರಡನೇ ಪಿಕಪ್ ನಿಮ್ಮದಲ್ಲ. ಬೇರೆಯವರ ಹತ್ತಿರ ಎರವಲು ತಂದಿದ್ದು. ನಾನು ಗೊತ್ತಿಲ್ದೆ ಕೊಟ್ಟುಬಿಟ್ಟೆ. ಅವನು ಗೊತ್ತಿದ್ದೂ ಹಾಕಿದ್ನೋ ಏನೋ, ನಂಗೆ ಗೊತ್ತಿಲ್ಲ."

ತಾತ ಗಿಟಾರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಹಾಕಿ, "ಬಿಚ್ಚು, ನೋಡೋಣ" ಎಂದರು.

ತಂತಿಗಳನ್ನು ಸಡಿಲ ಮಾಡಿದರು. ನಾನು ಎರಡು ಸ್ಕ್ರೂ ತೆಗೆದೆ. ಪಿಕಪ್ ಸುಲಭವಾಗಿ ಮೇಲೆ ಬಂತು. ಕೆಳಗಿನ ಎರಡು ವೈರುಗಳಿಗೆ ಬೆಸುಗೆ ಹಾಕಿರಲಿಲ್ಲ, ಬೆರಳಿನಿಂದ ಹೊಸೆದು ಬಿಟ್ಟಿದ್ದ. ಗರಗರ ಅದರದ್ದು. ಪಿಕಪ್ಪಿನ ಕಾಲಿಗೆ, ಕಣ್ಣಿಗೆ ಕಾಣದ ಕಡೆ, ಒಂದು ಗಂಟು ಉಳಿದಿತ್ತು. ಗಂಟಿನಿಂದಾಚೆ ಕತ್ತರಿಯಿಂದ ಕತ್ತರಿಸಿದ ಗಿಡ್ಡ ತುದಿ.

ಕೆಂಪು.

"ಓ, ಕಚ್ಚಾ ಹೊಲಿಗೆ" ಎಂದರು ತಾತ, ತೀರ ಸಾಮಾನ್ಯ ಸಂಗತಿಯೆಂಬಂತೆ. "ಅಳತೆ ನೋಡೋಕೆ ಮೊದ್ಲು ಹೀಗೇ ಹಾಕ್ತೀವಿ. ಬೇರೆ ಬಣ್ಣದ ದಾರ ಹಾಕೋದು ಯಾಕೆ ಹೇಳು? ಇದು ಉಳಿಯೋ ಹೊಲಿಗೆ ಅಲ್ಲ, ಬಿಚ್ಚಬೇಕು ಅಂತ ಗೊತ್ತಾಗ್ಲಿ ಅಂತ. ಅವನು ಕೂರಿಸಿ ಕೇಳಿದ್ದಾನೆ ಅಷ್ಟೇ. ತಾನು ಸುತ್ತಿದ್ದೂ ಇದೇ ಥರ ಕೇಳಿಸ್ಬೇಕಲ್ಲ."

ನಾನು ಡಬ್ಬ ತೆರೆದು ಬಿಳಿ ದಾರದ್ದನ್ನು ತೋರಿಸಿದೆ. ಖಾಲಿ ಉರುಳೆಯನ್ನೂ ತೋರಿಸಿದೆ. ತೋರಿಸುವಾಗಲೇ ನನಗೆ ಹೊಳೆದದ್ದು, ಅವನು ಏನು ತರಲು ಹೋಗಿದ್ದ ಎಂದು. ತಂತಿ. ಉಳಿದರ್ಧ ಸುತ್ತಲು ತಂತಿ.

ಅವನು ನನ್ನ ಮಾತು ಕೇಳಿರಲಿಲ್ಲ. ಆ ಕೆಲಸ ಮಾಡಿದ್ದು ನಾನು. ಯಾವುದೋ ಒಂದು ಇತ್ತು, ಮುಗಿಯಿತು ಎಂದು ಕೊಟ್ಟೆ. ಅದು ಮುಗಿದಿಲ್ಲ ಎಂದು ಅವನು ಬಿಟ್ಟುಹೋದ ಒಂದೇ ಗುರುತನ್ನೂ ಕತ್ತರಿಸಿದೆ. ನನ್ನ ಮೇಲೆ ಅವನಿಗಿದ್ದ ದೂರೆಲ್ಲ ಅಷ್ಟೇ ಆಗಿತ್ತು, ನೀನು ಕೇಳಿಸ್ಕೊಳ್ಳಲ್ಲ ಅಂತ. ನಗುತ್ತಲೇ ಹೇಳುತ್ತಿದ್ದ.

ತಾತನ ಮನೆಯಲ್ಲೇ ನಾನು ಅತ್ತುಬಿಟ್ಟೆ. ಅವನು ಸತ್ತ ದಿನ ಬಾರದ ಅಳು ಅಲ್ಲಿ ಬಂತು. ತಾತ ಎದ್ದು ಕಿಟಕಿಯ ಹತ್ತಿರ ಹೋಗಿ, ಬೀದಿಯಲ್ಲಿ ನೋಡುವುದು ಬಹಳ ಇದೆ ಎಂಬಂತೆ ಬೆನ್ನು ಮಾಡಿ ನಿಂತರು.

ಮುಖ ಒರೆಸಿಕೊಂಡು ಕೇಳಿದೆ, "ಇನ್ನೊಬ್ಬರ ಹತ್ರ ಸುತ್ತಿಸೋಣವಾ ತಾತ? ಹುಡುಕ್ತೀನಿ."

"ಬೇಡ. ಇರೋದನ್ನ ಇರೋ ಜಾಗಕ್ಕೆ ಹಾಕು."

"ಅರ್ಧ ಸುತ್ತಿದ್ದು. ಸದ್ದು ಬರಲ್ಲ."

"ನನ್ನ ಬಾಯಲ್ಲೂ ಅರ್ಧ ಹಲ್ಲಿಲ್ಲ, ಹಾಗಂತ ಯಾರೂ ಕೂಳು ನಿಲ್ಲಿಸಿಲ್ಲ. ಮೂರು ಹಾಡ್ತಾವಲ್ಲ. ಮುಂದೆ ಯಾರೋ ಕೆಲಸ ಬಲ್ಲವನು ಸಿಕ್ತಾನೆ, ಸುತ್ತುತ್ತಾನೆ. ನಾನಿಲ್ದಿದ್ರೂ ಇದಿರುತ್ತೆ." ತಾತ ಕನ್ನಡಕ ಒರೆಸಿಕೊಂಡರು. "ಎರಡು ವಾರ ಕೇಳಿದ್ನಲ್ಲ. ಸಾಕು."

ಸಾಕು ಎನ್ನುವಾಗ ಅವರ ಬೆರಳು ಎರಡನೆಯ ಗುಂಡಿಯ ಮೇಲಿತ್ತು.

ಅರ್ಧ ಸುತ್ತಿದ್ದನ್ನು ಕೂರಿಸಿ ಸ್ಕ್ರೂ ಬಿಗಿದೆ. ತಾತ ಗಿಟಾರನ್ನು ಒತ್ತಿ ಹಿಡಿದರು. ಬಿಳಿ ದಾರವನ್ನು ಬಿಚ್ಚಲಿಲ್ಲ, ಕತ್ತರಿಸಲೂ ಇಲ್ಲ. ಅದರ ತುದಿ ಅಂಚಿನಿಂದ ಇಳಿಬಿದ್ದಿರಲಿ ಎಂದು ಹೊರಗೆ ಎಳೆದಿಟ್ಟೆ.

ಸಂಜೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಹೋಗುವ ಮುಂಚೆ ಅತ್ತೆ ತಮ್ಮ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತೆಗೆದು, ಉಳಿದ ಗಂಟಿನ ಪಕ್ಕದಲ್ಲಿ ಅವನು ಕಟ್ಟುತ್ತಿದ್ದಷ್ಟೇ ಉದ್ದಕ್ಕೆ ಕಟ್ಟಿ ಕೊಟ್ಟಿದ್ದರು. "ಅವನು ಕಳಿಸಿದ ಹಾಗೇ ಹೋಗ್ಲಿ" ಎಂದಿದ್ದರು.

ಮೂರು ಜನ ಕೆನ್ನೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರು ಕೈಗವಸು ತೆಗೆದು ಹೊರಗೆ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು.

"ಇಷ್ಟು ಬೇಗ ಯಾಕೆ ತಂದ್ರಿ? ನಾನು ಕೇಳಿದ್ದೇ ತಪ್ಪಾಯ್ತು ಅಂತ ನಿನ್ನೆಯಿಂದ ಮನಸ್ಸಿಗೆ ಕಸಿವಿಸಿ. ಆದ್ರೆ ಗೋಡೆ ಮೇಲೆ ಅದನ್ನ ನೋಡಿದಾಗೆಲ್ಲ ಅಪ್ಪನ ಬಾಯಲ್ಲೊಂದು ಹಲ್ಲಿಲ್ಲ ಅನ್ನೋ ಹಾಗೆ ಆಗ್ತಿತ್ತು. ನನ್ನ ಕಸುಬಿನ ರೋಗ ನೋಡಿ."

ಕರವಸ್ತ್ರ ಬಿಚ್ಚಿ ಪಿಕಪ್ಪನ್ನು ಅವರ ಅಂಗೈಯಲ್ಲಿಟ್ಟೆ.

"ಇದೇನು, ದಾರ?"

"ಇದು ನಮ್ಮದಲ್ಲ ಅನ್ನೋದಕ್ಕೆ ಗುರುತು. ನಮ್ಮನೆಯವರು ಕಟ್ತಿದ್ರು."

"ಓ" ಎಂದು ಡಾಕ್ಟರು ಮೇಜಿನ ಮೇಲಿನ ಕತ್ತರಿಗೆ ಕೈ ಚಾಚಿದರು.

"ಕತ್ತರಿಸ್ಬೇಡಿ" ಎಂದೆ. ಬೆಂಚಿನ ಮೇಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ ಬಂತು ದನಿ. "ಬಿಚ್ಚಿಕೊಡ್ತೀನಿ. ಒಂದು ನಿಮಿಷ."

ಅತ್ತೆ ಕಟ್ಟಿದ್ದು ಬೇಗ ಬಂತು. ಅವನು ಕಟ್ಟಿದ್ದು ಬರಲಿಲ್ಲ. ಹಿಡಿಯಲು ತುದಿಯೇ ಇರಲಿಲ್ಲ, ನಾನು ಅಷ್ಟು ಗಿಡ್ಡವಾಗಿ ಕತ್ತರಿಸಿದ್ದೆ. ಡಾಕ್ಟರು ಏನೂ ಕೇಳದೆ ತಮ್ಮ ತೆಳು ಚಿಮಟ ಕೊಟ್ಟು, ಮೇಜಿನ ದೀಪವನ್ನು ನನ್ನ ಕೈಗಳ ಮೇಲೆ ಎಳೆದು ಹಿಡಿದರು. ಬೆಂಚಿನ ಮೇಲಿನವರು ಕೆನ್ನೆ ಹಿಡಿದುಕೊಂಡೇ ಕಾಯ್ದರು. ಗಂಟು ಬಿಚ್ಚಿಕೊಂಡಾಗ ಪಿಕಪ್ಪನ್ನು ಡಾಕ್ಟರಿಗೆ ಕೊಟ್ಟೆ.