ಕೆಂಪು ಬಳಿದ ಬಾಯಿ

ನಾನು ಒಂದು ಕೈಪಂಪು. ಹುಟ್ಟಿದ್ದು ಎರಕದ ಕಾರ್ಖಾನೆಯಲ್ಲಿ, ಲಾರಿ ಹತ್ತಿ ಬಂದು ನಿಂತದ್ದು ಈ ಊರಿನ ಕೆಳಗಿನ ಓಣಿಯಲ್ಲಿ. ಮೊದಲ ನೀರು ಚಿಮ್ಮಿದಾಗ ಹೆಂಗಸರು ಅರಿಸಿನ ಕುಂಕುಮ ಹಚ್ಚಿ ನನ್ನನ್ನು ಗಂಗವ್ವ ಎಂದು ಕರೆದರು. ಗಂಡೋ ಹೆಣ್ಣೋ ನನಗೇ ಗೊತ್ತಿರಲಿಲ್ಲ, ಆದರೂ ಹಿಗ್ಗಿದೆ. ಮೇಲಿನ ಓಣಿಯವರು ಮಾತ್ರ ನನ್ನ ನೀರಲ್ಲಿ ಬೇಳೆ ಬೇಯುವುದಿಲ್ಲವೆಂದು ಮೂಗು ಮುರಿದು ದೂರದ ಕೆರೆಗೇ ಹೋಗುತ್ತಿದ್ದರು.

ಕೆಲವು ವರ್ಷಗಳ ಮೇಲೆ ಸರಕಾರಿ ಜೀಪಿನವರು ಸೀಸೆಯಲ್ಲಿ ನನ್ನ ನೀರು ತುಂಬಿಕೊಂಡು ಹೋದರು. ಮತ್ತೆ ಬಂದವರು ನನ್ನ ಬಾಯಿಗೆ ಕೆಂಪು ಬಣ್ಣ ಬಳಿದರು. ಈ ನೀರು ಕುಡಿಯಬಾರದು ಎಂಬುದಕ್ಕೆ ಅದು ಗುರುತಂತೆ. ಹಾಗೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು, ಓಣಿಯವರಿಗೆ ಹೇಳದೆ ಹೊರಟರು. ಓಣಿಯವರೋ, ಸರಕಾರದವರೇ ಗಂಗವ್ವನಿಗೆ ಕುಂಕುಮ ಇಟ್ಟರೆಂದು ಕಾಯಿ ಒಡೆದರು. ಮೊದಲ ಕೊಡ ಬಸುರಿಯರಿಗೆ ಎಂದು ಪದ್ಧತಿ ಮಾಡಿದರು. ಕೂಗಿ ಹೇಳೋಣವೆಂದರೆ ನನ್ನ ಬಾಯಿಂದ ಬರುವುದು ನೀರೊಂದೇ. ಆ ಸಂಕಟ ಯಾರಿಗೂ ಬೇಡ.

ನೀಲವ್ವನ ಮಗಳು ಕಸ್ತೂರಿ ನನ್ನ ಕಟ್ಟೆಯ ಮೇಲೆ ಆಡಿ ಬೆಳೆದವಳು. ಅವಳ ಹಲ್ಲಿಗೆ ಕಂದು ಕಲೆ ಬಂತು, ಆಮೇಲೆ ಕಾಲು ಸೊಟ್ಟಗಾದವು. ಓಣಿಯವರು ಶಾಪ ಎಂದರು, ಹರಕೆ ಹೊರಿಸಿದರು. ನೀಲವ್ವ ಹರಕೆ ಹೊತ್ತಳು, ಯೋಚಿಸುವುದನ್ನು ಮಾತ್ರ ಬಿಡಲಿಲ್ಲ. ಮೇಲಿನ ಓಣಿಗೆ ಹೋಗಿ ಮಕ್ಕಳ ಬಾಯಿ ತೆರೆಸಿ ನೋಡಿದಳು. ಹಲ್ಲು ಬೆಳ್ಳಗಿದ್ದವು, ಕಾಲು ನೆಟ್ಟಗಿದ್ದವು. ಎರಡೂ ಓಣಿಗೆ ದೇವರು ಒಬ್ಬನೇ, ನೀರು ಬೇರೆ.

ಅವಳು ಕೆರೆಯ ದಾರಿ ಹಿಡಿದಳು. ಉಳಿದವರಿಗೆ ಹೇಳಿದರೆ, ಗಂಗವ್ವನ ಮೇಲೆ ಅಪವಾದ ಹೊರಿಸುತ್ತಾಳೆಂದು ಮಾತು ಬಿಟ್ಟರು. ತನ್ನ ಮನೆಯ ಮಟ್ಟಿಗೆ ನೋಡಿಕೊಂಡು ಅವಳು ಸುಮ್ಮನಿರಬಹುದಿತ್ತು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಫಕೀರವ್ವ, ತುಂಬಿದ ಬಸುರಿ, ನನ್ನ ಕೆಳಗೆ ಕೊಡ ಇಟ್ಟಳು. ನೀಲವ್ವ ಬಂದು ಅವಳ ಕೈ ಹಿಡಿದಳು.

"ತಂಗೀ, ಈ ನೀರ ಕುಡೀಬ್ಯಾಡ. ನನ್ನ ಮಗಳ ಕಾಲ ನೋಡು."

"ಕೆರಿ ತನಕ ಈ ಹೊಟ್ಟಿ ಹೊತ್ಕೊಂಡು ಹ್ಯಾಂಗ ಹೋಗ್ಲಿ ಅಕ್ಕಾ?"

ನೀಲವ್ವ ಮನೆಯಿಂದ ಪಾನಾ ತಂದು ಬೋಲ್ಟು ಬಿಚ್ಚಿದಳು. ನನ್ನ ಹಿಡಿಕೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಹಾಳುಬಾವಿಗೆ ಎಸೆದಳು. ಓಣಿಯೆಲ್ಲ ಶಾಪ ಹಾಕುತ್ತಿರುವಾಗಲೇ ತಿರುಗಿ ಬಂದು ಫಕೀರವ್ವನ ಕೊಡ ಎತ್ತಿಕೊಂಡಳು.

"ನಿನ್ನ ಕೊಡಾನೂ ನಾನ ತರ್ತೀನಿ."

ಈಗ ನನಗೆ ತುಕ್ಕು ಹಿಡಿದಿದೆ, ಬಾಯಿಯ ಕೆಂಪು ಉದುರಿದೆ. ಓಣಿಯವರು ನೀಲವ್ವನನ್ನು ಬೈಯುತ್ತಲೇ ಕೆರೆಗೆ ಹೋಗುತ್ತಾರೆ. ಫಕೀರವ್ವನ ಮಗ ಅವರ ಮುಂದೆ ಮುಂದೆ ಓಡುತ್ತಾನೆ. ಕಸ್ತೂರಿಗೆ ಅಷ್ಟು ದೂರ ನಡೆಯಲಾಗದು. ಅವ್ವ ಬರುವ ತನಕ ನನಗೆ ಒರಗಿ ಕೂತಿರುತ್ತಾಳೆ. ಬಾಯಾರಿದಾಗ ಹಳೆಯ ರೂಢಿಯಂತೆ ಅವಳ ಕೈ ಮೇಲೆ ಹೋಗಿ ಹಿಡಿಕೆ ಹುಡುಕುತ್ತದೆ. ಸಿಗದಿರಲಿ ತಾಯಿ, ಸಿಗದಿರಲಿ ಎಂದು ಬೇಡಿಕೊಳ್ಳುತ್ತೇನೆ.