ಕೆಂಪವ್ವನ ಕೋಳಿ

ಚರ್ಚಿನಲ್ಲಿ ಸುಗ್ಗಿ ಹಬ್ಬದ ಆರಾಧನೆ ಮುಗಿದು, ಜನ ದೇವರಿಗೆಂದು ತಂದಿದ್ದ ಜೋಳ, ಬದನೆಕಾಯಿ, ಕುಂಬಳಕಾಯಿಗಳ ಹರಾಜು ಶುರುವಾದಾಗಿನಿಂದ ಕಾಂಚನಾ ಗಂಡನ ಬಲಗೈ ಬಿಟ್ಟಿರಲಿಲ್ಲ. ಪ್ರೀತಿ ಉಕ್ಕಿ ಹಿಡಿದದ್ದೆಂದು ತಿಳಿಯಬೇಡಿ, ಹೆದರಿಕೆಗೆ ಹಿಡಿದದ್ದು. ಬಾಳೇಶನ ಆ ಕೈಗೆ ಹರಾಜು ಕಂಡರೆ ಮೇಲೇಳುವ ರೋಗ. ಹೋದ ವರ್ಷ ಒಂದು ಕುಂಬಳಕಾಯಿಗೆ ಎಂಟುನೂರು ಕೂಗಿದ್ದ. ಬನಹಟ್ಟಿಯ ಸಭೆಯೆಲ್ಲ ಚಪ್ಪಾಳೆ ತಟ್ಟಿತು, ಮನೆಯಲ್ಲಿ ವಾರವಿಡೀ ಕುಂಬಳಕಾಯಿಯೇ ಊಟವಾಯಿತು.

ಕಾಂಚನಾ ಲೆಕ್ಕದ ಹೆಂಗಸು. ಕೂಲಿ ಬಂದ ದಿನವೇ ಹತ್ತರಲ್ಲೊಂದು ಪಾಲನ್ನು ದೇವರ ದಶಮಾಂಶವೆಂದು ತೆಗೆದಿಟ್ಟು, ಉಳಿದದ್ದನ್ನು ಮನೆಗೊಂದು, ಮಗ್ಗಕ್ಕೊಂದು ಎಂದು ಎರಡು ಡಬ್ಬಿಗೆ ಹಾಕುವವಳು. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ದೇವರೇನು ಬೇಡ ಅನ್ನುತ್ತಾನೆಯೇ? ಇವತ್ತು ಮಗ್ಗದ ಡಬ್ಬಿಯ ಹಣವೆಲ್ಲ ಅವಳ ಸೊಂಟದ ಚೀಲದಲ್ಲಿತ್ತು. ಮಗ್ಗದ ಸುಟ್ಟ ಮೋಟಾರು ರಿಪೇರಿಯಾಗಿ ರಬಕವಿಯ ಅಂಗಡಿಯಲ್ಲಿ ಕೂತಿತ್ತು. ಸೋಮವಾರ ಮಗ್ಗ ನಡೆಯದಿದ್ದರೆ ನೂಲು ಬೇರೆಯವರಿಗೆ ಕೊಡುತ್ತೇನೆಂದು ಸಾವುಕಾರ ಹೇಳಿಯಾಗಿತ್ತು. ನೂಲು ಹೋದರೆ ಒಲೆಯೂ ಆರಿದಂತೆಯೇ.

"ಕೆಂಪವ್ವನ ಕೋಳಿ! ನೂರು ರೂಪಾಯಿ!" ಸಭಾಪಾಲಕರು ಕೂಗಿದರು.

ಕೆಂಪವ್ವ ನೇಕಾರರ ಮನೆಗಳಲ್ಲಿ ಕಂಡಿಕೆಗೆ ನೂಲು ಸುತ್ತಿಕೊಡುವ ಮುದುಕಿ. ಇದ್ದದ್ದು ಅದೊಂದೇ ಕೋಳಿ. ಯಾರೂ ಸೊಲ್ಲೆತ್ತಲಿಲ್ಲ.

"ಮುದಿ ಕೋಳಿ ಐತ್ರಿ, ಮಸಾಲಿ ದಂಡ!" ಎಂದನೊಬ್ಬ. ಜನ ನಕ್ಕರು. ಕೆಂಪವ್ವನೂ ನಗಲು ನೋಡಿದಳು, ಆಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ತಲೆ ತಗ್ಗಿಸಿದಳು.

ಕಾಂಚನಾ ಅದನ್ನೇ ನೋಡುತ್ತಿದ್ದಳು. ಗಂಡನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಅವಳದೇ ಇನ್ನೊಂದು ಕೈ ಮೇಲೆದ್ದಿತ್ತು.

"ಸಾವಿರ!"

"ಹುಚ್ಚ ಹಿಡೀತೇನ ನಿನಗ?" ಬಾಳೇಶ ಪಿಸುಗುಟ್ಟಿದ. ಅವಳು ಸೊಂಟದ ಚೀಲ ಬಿಚ್ಚಿ ಸಾವಿರ ಎಣಿಸಿ ಕೊಟ್ಟಳು. ಉಳಿದದ್ದಕ್ಕೆ ಅಂಗಡಿಯವನು ಮೋಟಾರು ಮುಟ್ಟಗೊಡುವವನಲ್ಲ.

ಹೊರಗೆ ಬಂದವಳೇ ಕೋಳಿಯನ್ನು ಕೆಂಪವ್ವನ ಮುಂದೆ ಹಿಡಿದಳು. "ಆಯಿ, ಇದನ್ನ ನೀವ ಇಟ್ಕೋರಿ."

"ದೇವರಿಗೆ ಕೊಟ್ಟದ್ದು ಕೊಟ್ಟಂಗ, ನನ್ನವ್ವಾ." ಮುದುಕಿ ಅವಳ ಕೈ ಮುಟ್ಟಿ ನೋಡಿದಳು. "ಯಾಕ ಹಿಂಗ ನಡಗಾಕತ್ತೀದಿ?"

"ಅಂಜಿಕಿ ಆಗೇತ್ರಿ. ಸೋಮವಾರ ಹೆಂಗಂತ."

"ನನಗೇನ ಅಂಜಿಕಿ ಇರಲಿಲ್ಲೇನ? ಮುಂಜಾನೆ ಬಾಗಲತನಕ ತಂದು, ಹೊಳ್ಳಿ ಹೋಗಿ ಬುಟ್ಟಿ ಮುಚ್ಚಿಟ್ಟಿದ್ದೆ. ತತ್ತಿ ಮಾರಿದರ ನನಗ ಎಣ್ಣಿ, ಉಪ್ಪು. ಅಂಜಕೋತನ ತಂದೇನಿ."

ಇಷ್ಟು ವರ್ಷ ದಶಮಾಂಶ ಕೊಡುವಾಗ ತನಗೆ ಒಂದು ದಿನವೂ ಅಂಜಿಕೆಯಾಗಿರಲಿಲ್ಲ ಎಂಬುದು ಕಾಂಚನಾಳಿಗೆ ಆಗ ಹೊಳೆಯಿತು. ಕೆಂಪವ್ವ ಬರಿಗೈಯಲ್ಲಿ ಮನೆಯ ದಾರಿ ಹಿಡಿದಿದ್ದಳು.